ತಳ ಮುಚ್ಚಿದ ತೂತಿನಲ್ಲಿ ಕಚ್ಚಿ ಕುಳಿತ ಬುಶ್ ತೆಗೆಯುವ ಬಗೆ

ಬುಶ್ ಎಂದರೆ ಶಾಫ್ಟು ತಿರುಗಲೆಂದು ತೂತಿನೊಳಗೆ ಬಿಗಿಯಾಗಿ ಕೂರಿಸುವ ಲೋಹದ ಗಿಡ್ಡ ಕೊಳವೆ. ಆರಪಾರ ಇರುವ ತೂತಿನ ಬುಶ್ ತೆಗೆಯುವುದು ದೊಡ್ಡ ಕೆಲಸವಲ್ಲ. ಹಿಂದಿನಿಂದ ಮೆಟ್ಟಿಲು ಕಡೆದ ಸರಳೊಂದನ್ನು ಇಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಅದು ಮುಂದಿನಿಂದ ಹೊರಬೀಳುತ್ತದೆ. ತೂತಿನ ತಳ ಮುಚ್ಚಿದ್ದರೆ ಮಾತ್ರ ಹಿಂದಿನಿಂದ ತಳ್ಳಲು ದಾರಿಯಿರುವುದಿಲ್ಲ, ಮುಂದಿನಿಂದ ಹಿಡಿಯಲು ಅಂಚೂ ಸಿಗುವುದಿಲ್ಲ. ಹುಬ್ಬಳ್ಳಿಯ ನನ್ನ ಶೆಡ್ಡಿಗೆ ಇಂಥ ಕೆಲಸ ಬರುವುದು ಹೆಚ್ಚಾಗಿ ಮೂರು ಕಡೆಯಿಂದ: ಗದಗ ಕಡೆಯ ಹಿಟ್ಟಿನ ಗಿರಣಿಗಳಲ್ಲಿ ನೆಟ್ಟಗೆ ನಿಂತ ಶಾಫ್ಟಿನ ಬುಡವನ್ನು ಹೊತ್ತಿರುವ ಬುಶ್, ಹಳೆಯ ಟ್ರ್ಯಾಕ್ಟರುಗಳ ಸ್ಟಾರ್ಟರ್ ಮೋಟಾರಿನ ಮೂತಿಯಲ್ಲಿ ಕುಳಿತ ಸಣ್ಣ ಬುಶ್, ಮತ್ತು ಗುಜರಿಗೆ ಹೋಗುವ ಮುನ್ನ ಯಾರೋ ಮನಸ್ಸು ಬದಲಿಸಿ ಉಳಿಸಿಕೊಂಡ ಹಳೆಯ ಲೇತು, ಡ್ರಿಲ್ಲಿಂಗ್ ಮಷೀನು, ಟ್ರೆಡಲ್ ಮುದ್ರಣ ಯಂತ್ರಗಳ ಬುಶ್‌ಗಳು.

ಕೆಲಸ ಹಿಡಿಯುವ ಮೊದಲೇ ಒಂದು ಲೆಕ್ಕ ತಲೆಯಲ್ಲಿರಬೇಕು. ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಶ್ ಒಂದನ್ನು ಗೋಕುಲ ರಸ್ತೆಯ ಯಾವ ಲೇತ್ ಅಂಗಡಿಯಲ್ಲಾದರೂ ಅರ್ಧ ದಿನದಲ್ಲಿ ಕಡೆಸಿಕೊಳ್ಳಬಹುದು, ಆದರೆ ಆ ಬುಶ್ ಕುಳಿತಿರುವ ಬೀಡಿನ (ಎರಕದ ಕಬ್ಬಿಣದ) ಹೌಸಿಂಗ್ ಒಡೆದರೆ ಅದರ ಜೊತೆ ಯಂತ್ರವೂ ಗುಜರಿಗೆ ಹೋಗುತ್ತದೆ. ಆದ್ದರಿಂದ ಮುಂದೆ ಹೇಳುವ ಪ್ರತಿ ವಿಧಾನದಲ್ಲಿಯೂ ಬುಶ್ ಹೇಗೆ ಹೊರಬರುತ್ತದೆ ಎನ್ನುವುದಕ್ಕಿಂತ ಮೊದಲು, ನಾವು ಹಾಕುವ ಬಲವನ್ನು ಹೌಸಿಂಗಿನ ಯಾವ ಭಾಗ ಹೊರುತ್ತದೆ ಎಂದು ಕೇಳಿಕೊಳ್ಳಬೇಕು.

ಸುತ್ತಿಗೆ ಹಿಡಿಯುವ ಮೊದಲು

ಮೊದಲಿಗೆ ಅಲ್ಲಿ ಬುಶ್ ಇದೆಯೇ ಎಂಬುದನ್ನೇ ಖಚಿತಪಡಿಸಿಕೊಳ್ಳಬೇಕು. ಹಳೆಯ ಯಂತ್ರಗಳಲ್ಲಿ ಕೆಲವೆಡೆ ಶಾಫ್ಟು ನೇರವಾಗಿ ಬೀಡಿನಲ್ಲಿಯೇ ತಿರುಗುತ್ತಿರುತ್ತದೆ. ಇಲ್ಲದ ಬುಶ್ಶನ್ನು ಎಳೆಯಲು ಹೋಗಿ ಒಂದಿಡೀ ಮಧ್ಯಾಹ್ನ ಕಳೆದವರನ್ನು ನಾನು ನೋಡಿದ್ದೇನೆ. ತೂತಿನ ಮುಖವನ್ನು ಎಮರಿ ಕಾಗದದಿಂದ ಉಜ್ಜಿ, ಸ್ವಲ್ಪ ಡೀಸೆಲ್ ಸವರಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬುಶ್ ಇದ್ದರೆ ಅದರ ಸುತ್ತಲಿನ ಸಂದಿಯೊಳಗೆ ಇಳಿದಿದ್ದ ಡೀಸೆಲ್ ಮತ್ತೆ ಮೇಲಕ್ಕೆ ಜಿನುಗಿ, ಬಿಳಿಯ ಪುಡಿಯಲ್ಲಿ ಒಂದು ತೆಳುವಾದ ಕಪ್ಪು ಬಳೆಯಂತೆ ಕಾಣಿಸಿಕೊಳ್ಳುತ್ತದೆ. ಬಳೆಯ ಒಳಗಿನ ಲೋಹ ಯಾವುದೆಂದು ತಿಳಿಯಲು ಅಯಸ್ಕಾಂತ ಮತ್ತು ಮೂಲೆಯಲ್ಲಿ ಒಂದು ಸಣ್ಣ ಗೀರು ಸಾಕು: ಅಂಟದೆ ಹಳದಿ ಹೊಳಪು ಕೊಟ್ಟರೆ ಗನ್‌ಮೆಟಲ್ ಅಥವಾ ಕಂಚು, ಅಂಟಿದರೆ ಉಕ್ಕು ಅಥವಾ ಬೀಡು.

ಎರಡನೆಯದಾಗಿ ಬುಶ್ಶನ್ನು ಹಿಡಿದಿಟ್ಟ ಕಳ್ಳ ಮೊಳೆಯನ್ನು ಹುಡುಕಬೇಕು. ಬುಶ್ ಶಾಫ್ಟಿನ ಜೊತೆ ತಿರುಗದಿರಲಿ ಎಂದು ಹಿಂದಿನವರು ಪಕ್ಕದಿಂದ ಗ್ರಬ್ ಸ್ಕ್ರೂ (ತಲೆಯಿಲ್ಲದ ಗಿಡ್ಡ ಸ್ಕ್ರೂ) ಹಾಕುತ್ತಿದ್ದರು, ಇಲ್ಲವೇ ಬುಶ್ ಮತ್ತು ಹೌಸಿಂಗ್ ಕೂಡುವ ಗೆರೆಯ ಮೇಲೆಯೇ ತೂತು ಕೊರೆದು ಪಿನ್ನು ಹೊಡೆಯುತ್ತಿದ್ದರು. ಐದಾರು ಪದರ ಬಣ್ಣ ಬಳಿದ ಮೇಲೆ ಇವು ಕಣ್ಣಿಗೆ ಬೀಳುವುದಿಲ್ಲ. ಹೌಸಿಂಗಿನ ಸುತ್ತ ನಾಲ್ಕೂ ಕಡೆ ವೈರ್ ಬ್ರಶ್ಶಿನಿಂದ ಬಣ್ಣ ಕೆರೆದು ನೋಡದ ಹೊರತು ಬಲ ಹಾಕುವ ಮಾತೇ ಬೇಡ. ಬಣ್ಣ ಕೆರೆಯುವಾಗ ಎಣ್ಣೆ ಬಿಡುವ ತೂತು ಎಲ್ಲಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು, ಮುಂದೆ ಅದೇ ನಮಗೆ ತೊಂದರೆ ಕೊಡುತ್ತದೆ.

ಮೂರನೆಯದು ಬುಶ್ಶಿನ ಹಿಂದೆ ಏನಿದೆ ಎಂಬ ಪ್ರಶ್ನೆ. ಇದಕ್ಕೆ ನಾನು ಬಳಸುವ ಉಪಕರಣ ಸೈಕಲ್ಲಿನ ಹಳೆಯ ಕಡ್ಡಿ. ಕಡ್ಡಿಯ ತುದಿಯನ್ನು 2 ಮಿ.ಮೀ.ನಷ್ಟು ಕೊಕ್ಕೆಯಂತೆ ಬಗ್ಗಿಸಿ, ಬುಶ್ಶಿನ ಒಳಗೋಡೆಗೆ ತಾಗಿಸಿಕೊಂಡು ಕೆಳಗಿಳಿಸಿದರೆ, ಬುಶ್ ಮುಗಿದ ಕೂಡಲೇ ಕೊಕ್ಕೆ ಹೊರಕ್ಕೆ ಜಾರಿ ಹಿಂಬದಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಆಗ ಕಡ್ಡಿಯ ಮೇಲೆ ಮುಖದ ಮಟ್ಟಕ್ಕೆ ಗೆರೆ ಹಾಕಿ, ಆಮೇಲೆ ತಳ ಮುಟ್ಟಿಸಿ ಇನ್ನೊಂದು ಗೆರೆ ಹಾಕಬೇಕು. ಒಂದು 40, ಇನ್ನೊಂದು 46 ಮಿ.ಮೀ. ಬಂದರೆ ಬುಶ್ಶಿನ ಹಿಂದೆ 6 ಮಿ.ಮೀ. ಖಾಲಿ ಜಾಗ ಇದೆ ಎಂದಾಯಿತು, ಕೆಲಸ ಅರ್ಧ ಹಗುರವಾಯಿತು. ಕೊಕ್ಕೆ ಎಲ್ಲಿಯೂ ಸಿಕ್ಕದಿದ್ದರೆ ಬುಶ್ ನೇರವಾಗಿ ತಳಕ್ಕೆ ಕುಳಿತಿದೆ. ಹೊರಗಿನಿಂದ ಅಳೆದು, ತಳದ ಬೀಡು ಎಷ್ಟು ದಪ್ಪವಿದೆ ಎಂಬುದನ್ನೂ ಲೆಕ್ಕ ಹಾಕಿ ಬರೆದುಕೊಳ್ಳಬೇಕು.

ಇಷ್ಟಾದ ಮೇಲೆ ಎಣ್ಣೆಯ ತೂತಿನಿಂದಲೂ ಬುಶ್ಶಿನ ಅಂಚಿನ ಗೆರೆಯ ಮೇಲೂ ತುಕ್ಕು ಬಿಡಿಸುವ ಎಣ್ಣೆಯನ್ನು, ಇಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ತೆಳು ಎಣ್ಣೆ ಬೆರೆಸಿ, ಬಿಟ್ಟು ಎರಡು ರಾತ್ರಿ ನೆನೆಯಲು ಬಿಡುವುದು ಒಳ್ಳೆಯದು. ಗಿರಾಕಿ ಅವಸರ ಮಾಡುತ್ತಾನೆ, ಮಾಡಲಿ.

ಬಿಸಿ ಮಾಡುವ ಆಸೆಯ ಬಗ್ಗೆ

ಕಚ್ಚಿಕೊಂಡದ್ದೆಲ್ಲವನ್ನೂ ಗ್ಯಾಸ್ ಟಾರ್ಚಿನಿಂದ ಬಿಡಿಸಬಹುದು ಎಂಬ ನಂಬಿಕೆ ನಮ್ಮ ಶೆಡ್ಡುಗಳಲ್ಲಿ ಬಲವಾಗಿದೆ. ಬೀಡಿನಲ್ಲಿ ಕುಳಿತ ಗನ್‌ಮೆಟಲ್ ಬುಶ್ಶಿನ ವಿಷಯದಲ್ಲಿ ಇದು ಬಹುಮಟ್ಟಿಗೆ ತಪ್ಪು. ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಬೀಡು ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 10ರಿಂದ 11 ಪಾಲು ಹಿಗ್ಗಿದರೆ ಕಂಚು ಸುಮಾರು 18 ಪಾಲು ಹಿಗ್ಗುತ್ತದೆ. 25 ಮಿ.ಮೀ. ಹೊರವ್ಯಾಸದ ಬುಶ್ ಮತ್ತು ಹೌಸಿಂಗ್ ಎರಡನ್ನೂ ಒಟ್ಟಿಗೆ 100 ಡಿಗ್ರಿ ಬಿಸಿ ಮಾಡಿದರೆ ತೂತು ಸುಮಾರು 0.026 ಮಿ.ಮೀ. ಹಿಗ್ಗುತ್ತದೆ, ಬುಶ್ 0.045 ಮಿ.ಮೀ. ಹಿಗ್ಗುತ್ತದೆ, ಅಂದರೆ ಸಡಿಲವಾಗುವ ಬದಲು 0.019 ಮಿ.ಮೀ.ನಷ್ಟು ಇನ್ನೂ ಬಿಗಿಯಾಗುತ್ತದೆ. ಇಂಥ ಬುಶ್ಶನ್ನು ಒತ್ತಿ ಕೂರಿಸಲು ಬಿಡುವ ಬಿಗಿತವೇ (ತೂತಿಗಿಂತ ಬುಶ್ ದಪ್ಪವಿರುವ ಅಳತೆ) 0.025 ಮಿ.ಮೀ. ಆಸುಪಾಸು ಇರುವಾಗ, ಇದು ಸಣ್ಣ ವ್ಯತ್ಯಾಸವಲ್ಲ. ಬಿಸಿ ಮಾಡಿ ಪೂರ್ತಿ ಆರಲು ಬಿಟ್ಟರೆ, ಹಿಗ್ಗಲು ಜಾಗ ಸಿಗದೆ ಒಳಗೇ ಅಮುಕಿಕೊಂಡ ಬುಶ್ ಆರಿದ ಮೇಲೆ ಕೊಂಚ ಸಡಿಲಾಗುವುದುಂಟು. ಆದ್ದರಿಂದ ಬಿಸಿ ಮಾಡಿದರೂ ಎಳೆಯುವುದು ತಣ್ಣಗಾದ ಮೇಲೆಯೇ. ಸ್ಟಾರ್ಟರಿನ ಮೂತಿಯಂಥ ಅಲ್ಯೂಮಿನಿಯಂ ಹೌಸಿಂಗಿನಲ್ಲಿ ಲೆಕ್ಕ ತಿರುವುಮುರುವು: ಅಲ್ಯೂಮಿನಿಯಂ ಕಂಚಿಗಿಂತ ಹೆಚ್ಚು ಹಿಗ್ಗುವುದರಿಂದ, 100ರಿಂದ 120 ಡಿಗ್ರಿಯವರೆಗೆ ಸಮನಾಗಿ ಬಿಸಿ ಮಾಡಿ, ಬಿಸಿಯಿರುವಾಗಲೇ ಎಳೆಯುವುದು ನಿಜಕ್ಕೂ ಸಹಾಯವಾಗುತ್ತದೆ.

ಟಾರ್ಚು ಹಚ್ಚುವ ಜಾಗದ ಬಗ್ಗೆಯೂ ಎರಡು ಮಾತು. ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯ ಒಳಗೆ ಬೆಂಕಿ ಹಚ್ಚಲೇಬಾರದು, ಭಾಗವನ್ನು ಬಿಚ್ಚಿ ಹೊರಗೆ ತರಬೇಕು. ಯಂತ್ರದ ಸಂದಿಗಳಲ್ಲಿ ಕುಳಿತ ಹತ್ತಿಯ ಎಳೆ ಕಿಡಿಗಾಗಿ ಕಾಯುತ್ತಿರುತ್ತದೆ. ಬ್ಯಾಡಗಿಯ ಕಡೆಯಿಂದ ಬಂದ ಖಾರದ ಪುಡಿಯ ಯಂತ್ರದ ಹೌಸಿಂಗನ್ನು ಒಮ್ಮೆ ತೊಳೆಯದೆ ಬಿಸಿ ಮಾಡಿ, ಎದ್ದ ಘಾಟಿಗೆ ನಾವು ಮಾತ್ರವಲ್ಲ, ಪಕ್ಕದ ಎರಡು ಶೆಡ್ಡಿನವರೂ ಕೆಮ್ಮುತ್ತ ರಸ್ತೆಗೆ ಬಂದು ನಿಂತಿದ್ದರು.

ಗ್ರೀಸಿನ ಒತ್ತಡದಿಂದ ಹೊರತರುವುದು

ಬುಶ್ಶಿನ ಹಿಂದೆ ಖಾಲಿ ಜಾಗವಿದ್ದು ತಳ ಗಟ್ಟಿಯಾಗಿದ್ದರೆ ಇದೇ ಮೊದಲ ಆಯ್ಕೆ. ಬುಶ್ಶಿನ ಒಳವ್ಯಾಸಕ್ಕೆ ಸರಿಯಾಗಿ ಹೊಂದುವ ಸರಳೊಂದನ್ನು ಕಡೆಯಬೇಕು. ಕೈಯಿಂದ ಒಳಗಿಳಿಯಬೇಕು, ಆದರೆ ಅಲ್ಲಾಡಬಾರದು. ಹಳೆಯ ಶಾಫ್ಟಿನ ತುಂಡೇ ಸಾಕೆಂದು ಕೆಲವರು ಹೊರಡುತ್ತಾರೆ, ಆದರೆ ತಿರುಗಿ ತಿರುಗಿ ಸವೆದ ಬುಶ್ ಮೊಟ್ಟೆಯಾಕಾರಕ್ಕೆ ಬಂದಿರುವುದರಿಂದ ಗ್ರೀಸೆಲ್ಲ ಪಕ್ಕದಿಂದ ಮೇಲೆ ಉಕ್ಕುತ್ತದೆ. ಸವೆತ ಹೆಚ್ಚಿದ್ದರೆ ಬುಶ್ಶಿಗೆ ರೀಮರ್ (ತೂತನ್ನು ನಯವಾಗಿ ಹಿಗ್ಗಿಸುವ ಹತಾರ) ಹಾಕಿ ಗುಂಡಗೆ ಮಾಡಿಕೊಂಡು ಅದಕ್ಕೆ ತಕ್ಕ ಸರಳನ್ನು ಕಡೆಯುವುದು, ಇಲ್ಲವೇ ಸರಳಿನ ತುದಿಗೆ ಚರ್ಮದ ವಾಷರ್ ಕೊಟ್ಟುಕೊಳ್ಳುವುದು ಉಪಾಯ. ಸರಳಿನ ತುದಿ ಚಪ್ಪಟೆಯಾಗಿರಬೇಕು, ಅಂಚು ಮೊಂಡಾಗಿರಬಾರದು.

ಈಗ ಗುರುತು ಹಾಕಿಟ್ಟ ಎಣ್ಣೆಯ ತೂತನ್ನು ಥ್ರೆಡ್ ಇದ್ದರೆ ಬೋಲ್ಟಿನಿಂದ, ಇಲ್ಲದಿದ್ದರೆ ಬಿಗಿಯಾದ ಪಿನ್ನಿನಿಂದ ಮುಚ್ಚಬೇಕು. ಗ್ರೀಸನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತ, ನಡುನಡುವೆ ತಂತಿಯಿಂದ ಕಲಕುತ್ತ ಗಾಳಿಯನ್ನು ಹೊರಗೆ ಬಿಡಬೇಕು. ಒಳಗೆ ಗಾಳಿಯ ಗುಳ್ಳೆ ಉಳಿದರೆ ಅದು ಸ್ಪ್ರಿಂಗಿನಂತೆ ಕುಗ್ಗಿ ಪ್ರತಿ ಏಟನ್ನೂ ನುಂಗಿಬಿಡುತ್ತದೆ. ಹೌಸಿಂಗನ್ನು ತಳ ಪೂರ್ತಿ ಅಡಿಗಲ್ಲಿಗೆ ತಾಗುವಂತೆ ಕೂರಿಸಿ, ಸರಳನ್ನು ಒಂದು ಬೆರಳಗಲ ಇಳಿಸಿ, ಒಂದು ಕಿಲೋ ತೂಕದ ಸುತ್ತಿಗೆಯಿಂದ ಗಿಡ್ಡನೆಯ, ಚುರುಕಾದ ಏಟು ಕೊಡಬೇಕು. ನಾಲ್ಕೈದು ಏಟಿಗೊಮ್ಮೆ ನಿಲ್ಲಿಸಿ ಬುಶ್ಶಿನ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಹೌಸಿಂಗಿನ ಮುಖದೊಡನೆ ಸಮವಾಗಿದ್ದ ಅಂಚು ಉಗುರಿಗೆ ತಾಗುವಷ್ಟು ಮೇಲೆ ಬಂದಿದ್ದರೆ ಇನ್ನು ಗ್ರೀಸು ತುಂಬುತ್ತ ಹೊಡೆಯುತ್ತ ಹೋಗುವುದಷ್ಟೇ ಬಾಕಿ. ಸರಳು ಮಾತ್ರ ಇಳಿಯುತ್ತ ಬುಶ್ ಅಲ್ಲಾಡದಿದ್ದರೆ ಗ್ರೀಸು ಎಲ್ಲಿಯೋ ತಪ್ಪಿಸಿಕೊಳ್ಳುತ್ತಿದೆ ಎಂದರ್ಥ. ಆಗ ಗ್ರೀಸಿನ ಬದಲು ನೆನೆಸಿ ಹಿಂಡಿದ ಪತ್ರಿಕೆಯ ಕಾಗದದ ಉಂಡೆಗಳನ್ನು ತುರುಕಿ ಹೊಡೆಯಬಹುದು. ಅದು ಸಂದಿಯಿಂದ ಅಷ್ಟು ಸುಲಭವಾಗಿ ಜಾರುವುದಿಲ್ಲ. ಬೇಕರಿಯ ಪಾವ್ ಬಳಸುವವರೂ ಇದ್ದಾರೆ; ಕೆಲಸ ಆಗುತ್ತದೆ, ಆದರೆ ಒಳಗೆ ಉಳಿದ ಹಿಟ್ಟನ್ನು ಕೆರೆದು ತೆಗೆಯುವ ಗೋಳು ಕಾಗದಕ್ಕಿಂತ ಹೆಚ್ಚು.

ಈ ವಿಧಾನದ ಅಪಾಯವನ್ನು ಅಂಕಿಯಲ್ಲಿಯೇ ನೋಡುವುದು ಒಳ್ಳೆಯದು. ಬುಶ್ಶಿನ ಒಳವ್ಯಾಸ 12, ಹೊರವ್ಯಾಸ 18 ಮಿ.ಮೀ. ಇದೆ ಎಂದುಕೊಳ್ಳೋಣ. ಪ್ಯಾಸ್ಕಲ್ ನಿಯಮದಂತೆ ಗ್ರೀಸಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದರಿಂದ, ಸರಳಿನ ಮೇಲೆ ಒಂದು ಟನ್ ಬಲ ಬಿದ್ದರೆ ಬುಶ್ಶಿನ ಹಿಂಬದಿಯ ಬಳೆಯ ಮೇಲೆ 1.25 ಟನ್ ಬೀಳುತ್ತದೆ, ಅದೇ ಹೊತ್ತಿಗೆ ತೂತಿನ ತಳದ ಮೇಲೆ 2.25 ಟನ್ ಬೀಳುತ್ತದೆ. ಬುಶ್ಶಿಗೆ ಸಿಗುವುದಕ್ಕಿಂತ ಹೆಚ್ಚಿನ ಏಟು ತಳಕ್ಕೇ ಸಿಗುವುದರಿಂದ, ಹಿಂದೆ ಆಸರೆ ಕೊಡಲಾಗದ ತೆಳುವಾದ ತಳಕ್ಕೂ ಸ್ಟಾರ್ಟರಿನ ತೆಳು ಅಲ್ಯೂಮಿನಿಯಂ ಮೂತಿಗೂ ನಾನು ಗ್ರೀಸು ಬಳಸುವುದಿಲ್ಲ. ಹೊಡೆಯುವವನು ಕನ್ನಡಕ ಹಾಕಿರಬೇಕು, ಮುಖವನ್ನು ಸರಳಿನ ನೇರಕ್ಕೆ ತರಬಾರದು.

ಥ್ರೆಡ್ ಹಾಕಿ ಎಳೆಯುವುದು

ಗ್ರೀಸು ಕೈಕೊಟ್ಟಾಗ, ಅಥವಾ ಬುಶ್ ತಳಕ್ಕೆ ತಾಗಿ ಕುಳಿತು ಗ್ರೀಸಿಗೆ ಹಿಂದೆ ಹೋಗಲು ಜಾಗವೇ ಇಲ್ಲದಾಗ, ಬುಶ್ಶಿನ ಒಳಗೇ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊಯ್ಯುವ ಹತಾರ) ಇಳಿಸಿ ಥ್ರೆಡ್ ಹಾಕಿ ಎಳೆಯುವುದು ಅತ್ಯಂತ ನಂಬಿಕೆಯ ದಾರಿ. ಟ್ಯಾಪಿನ ಆಯ್ಕೆಯನ್ನು ಬುಶ್ಶಿನ ಒಳವ್ಯಾಸ ನಿರ್ಧರಿಸುತ್ತದೆ: ಒಳವ್ಯಾಸ 8.5 ಮಿ.ಮೀ. ಇದ್ದರೆ ಎಂ10 (ಅಂದರೆ 10 ಮಿ.ಮೀ. ಬೋಲ್ಟಿನ ಥ್ರೆಡ್), 10.2 ಇದ್ದರೆ ಎಂ12, 12 ಇದ್ದರೆ ಎಂ14, 14 ಇದ್ದರೆ ಎಂ16, 17.5 ಇದ್ದರೆ ಎಂ20. ಒಳವ್ಯಾಸ ನಡುವಿನ ಅಳತೆಯಾಗಿದ್ದರೆ, ಇಂಚಿನ ಲೆಕ್ಕದ ಹಳೆಯ ಯಂತ್ರಗಳಲ್ಲಿ ಹೀಗೇ ಆಗುವುದು, ಮುಂದಿನ ಅಳತೆಗೆ ಡ್ರಿಲ್ ಅಥವಾ ರೀಮರಿನಿಂದ ತೆರೆದುಕೊಳ್ಳಬೇಕು. ಬುಶ್ಶಿನ ಗೋಡೆಯ ದಪ್ಪವನ್ನು ಮರೆಯಬಾರದು. 12 ಮಿ.ಮೀ. ತೂತಿಗೆ ಎಂ14 ಹಾಕಿದಾಗ ಟ್ಯಾಪು ಗೋಡೆಯಲ್ಲಿ ಸುತ್ತಲೂ ಒಂದು ಮಿ.ಮೀ. ಒಳಗೆ ಹೋಗುತ್ತದೆ. ಗೋಡೆ ಎರಡು ಮಿ.ಮೀ.ಗಿಂತ ತೆಳುವಿದ್ದರೆ ಥ್ರೆಡ್ ಭಾರ ತಡೆಯುವುದಿಲ್ಲ, ಅಥವಾ ಬುಶ್ ಹಿಗ್ಗಿ ಇನ್ನೂ ಕಚ್ಚಿಕೊಳ್ಳುತ್ತದೆ.

ಗನ್‌ಮೆಟಲ್ ಟ್ಯಾಪನ್ನು ಹಿಡಿಯುವ ಸ್ವಭಾವದ್ದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬಂತೆ ನಿಧಾನಕ್ಕೆ, ಎರಡು ಹನಿ ತೆಳು ಎಣ್ಣೆ ಬಿಡುತ್ತ, ಮೊದಲ ಟ್ಯಾಪು ಮತ್ತು ಎರಡನೆಯ ಟ್ಯಾಪು ಹಾಕಿದರೆ ಸಾಕು. ಟ್ಯಾಪಿನ ತುದಿ ತಳಕ್ಕೆ ತಾಗಿದ್ದು ಗೊತ್ತಾಗದೆ ಹ್ಯಾಂಡಲ್ ತಿರುಗಿಸಿದರೆ ಟ್ಯಾಪು ಮುರಿಯುತ್ತದೆ, ಆಮೇಲೆ ಬುಶ್ಶಿಗಿಂತ ಟ್ಯಾಪನ್ನು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಆದ್ದರಿಂದ ಸೈಕಲ್ ಕಡ್ಡಿಯಿಂದ ಅಳೆದ ಆಳವನ್ನು ಟ್ಯಾಪಿನ ಮೇಲೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಬೇಕು.

ಥ್ರೆಡ್ ಆದ ಮೇಲೆ ಬಹಳಷ್ಟು ಜನ ಮಾಡುವುದೇನೆಂದರೆ, ಉದ್ದನೆಯ ಬೋಲ್ಟನ್ನು ತಿರುಗಿಸುತ್ತ ಹೋಗಿ ಅದು ತಳಕ್ಕೆ ತಾಗಿದ ಮೇಲೂ ತಿರುಗಿಸಿ, ಬೋಲ್ಟಿನ ಮೇಲೆ ಬುಶ್ ಏರಿ ಬರುವಂತೆ ಮಾಡುವುದು. ನಾನೂ ಹಾಗೇ ಮಾಡುತ್ತಿದ್ದೆ. ಗದಗ ಕಡೆಯ ಗಿರಣಿಯೊಂದರ ಬುಡದ ಹೌಸಿಂಗಿಗೆ ಹೀಗೆ ಎಂ20 ಬೋಲ್ಟ್ ಹಾಕಿ ಪಾನಾಕ್ಕೆ ಪೈಪು ಸೇರಿಸಿ ಎಳೆದಾಗ 'ಟಪ್' ಎಂದು ಸದ್ದಾಯಿತು, ಪಾನಾ ಹಗುರವಾಯಿತು, ಬುಶ್ ಬಂತೆಂದು ಹಿಗ್ಗಿದೆ. ಬೋಲ್ಟ್ ಬಿಚ್ಚಿ ನೋಡಿದರೆ ಬುಶ್ ಇದ್ದಲ್ಲೇ ಇತ್ತು, ಹೌಸಿಂಗಿನ ತಳದಿಂದ ಹಳೆಯ ಎಂಟಾಣೆಯ ಅಗಲದ ಬೀಡಿನ ಬಿಲ್ಲೆಯೊಂದು ಕಳಚಿ ಕೆಳಗೆ ಬಿದ್ದಿತ್ತು. ಬಿಲ್ಲೆಯ ಅಂಚನ್ನು ಅಳೆದಾಗ ದಪ್ಪ 6 ಮಿ.ಮೀ. ಕೂಡ ಇರಲಿಲ್ಲ. ಹೊರಗಿನಿಂದ ದಪ್ಪ ಕಾಣುತ್ತಿದ್ದ ಆ ತಳವನ್ನು ಅಳೆಯುವ ಗೋಜಿಗೆ ನಾನು ಹೋಗಿರಲಿಲ್ಲ.

ಅಂದಿನಿಂದ ತಳದ ಮೇಲೆ ಭಾರ ಹಾಕದ ಪದ್ಧತಿಯನ್ನೇ ಅನುಸರಿಸುತ್ತೇನೆ. ಥ್ರೆಡ್ ಹಾಕಿದ ಬುಶ್ಶಿನೊಳಗೆ 8.8 ದರ್ಜೆಯ, ಅಂದರೆ ಗಟ್ಟಿ ಉಕ್ಕಿನ, ಸ್ಟಡ್ಡನ್ನು (ಥ್ರೆಡ್ ಇರುವ ತಲೆಯಿಲ್ಲದ ಸರಳನ್ನು) ತಳಕ್ಕೆ ತಾಗದಂತೆ ಇಳಿಸಿ, ಬುಶ್ಶಿನ ಹೊರವ್ಯಾಸಕ್ಕಿಂತ ದೊಡ್ಡ ಒಳವ್ಯಾಸವಿರುವ ದಪ್ಪ ಪೈಪಿನ ತುಂಡನ್ನು ಹೌಸಿಂಗಿನ ಮುಖದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ 10 ಮಿ.ಮೀ. ದಪ್ಪದ ವಾಷರ್, ಅದರ ಮೇಲೆ ಗ್ರೀಸು ಸವರಿದ ನಟ್ಟು ಹಾಕಬೇಕು. ನಟ್ಟನ್ನು ಬಿಗಿದಂತೆ ಸ್ಟಡ್ಡು ಬುಶ್ಶನ್ನು ಹಿಡಿದು ಪೈಪಿನೊಳಗೆ ಎಳೆದುಕೊಳ್ಳುತ್ತದೆ, ಭಾರವೆಲ್ಲ ಹೌಸಿಂಗಿನ ಗಟ್ಟಿ ಮುಖದ ಮೇಲೆ ಬೀಳುತ್ತದೆ. ಎಂ14ರ ಸ್ಟಡ್ಡಿನಲ್ಲಿ ನಟ್ಟಿನ ಪ್ರತಿ ಸುತ್ತಿಗೆ ಬುಶ್ 2 ಮಿ.ಮೀ. ಮೇಲೇರಬೇಕು, ನಟ್ಟು ಸುತ್ತಿದರೂ ಬುಶ್ ಏರದಿದ್ದರೆ ಥ್ರೆಡ್ ಕಳಚುತ್ತಿದೆ, ನಿಲ್ಲಿಸಿ. ಬಿಗಿಯಾದ ಮೇಲೆ ಸ್ಟಡ್ಡಿನ ತಲೆಗೆ ಸುತ್ತಿಗೆಯಿಂದ ಒಂದೆರಡು ಸಣ್ಣ ಏಟು ಕೊಟ್ಟು, ರಾತ್ರಿಯಿಡೀ ಹಾಗೆಯೇ ಬಿಟ್ಟು, ಬೆಳಿಗ್ಗೆ ಬಂದು ಕಾಲು ಸುತ್ತು ತಿರುಗಿಸಿದಾಗ ಸಲೀಸಾಗಿ ಬಂದ ಬುಶ್‌ಗಳು ಎಷ್ಟೋ.

ಸ್ಲೈಡ್ ಹ್ಯಾಮರ್ (ಸರಳಿನ ಮೇಲೆ ಜಾರಿ ಹೊರಮುಖವಾಗಿ ಏಟು ಕೊಡುವ ತೂಕ) ಮತ್ತು ಒಳಗೆ ಹಿಗ್ಗುವ ಪುಲ್ಲರ್ ಇದ್ದವರು ಬುಶ್ಶಿನ ಹಿಂದೆ ಖಾಲಿ ಜಾಗವಿದ್ದಾಗ ಅದನ್ನೇ ಬಳಸಬಹುದು. ಸಣ್ಣ ಸ್ಟಾರ್ಟರ್ ಬುಶ್‌ಗೆ ಅದು ಚೆನ್ನಾಗಿ ಒಗ್ಗುತ್ತದೆ, ದೊಡ್ಡ ಬುಶ್‌ಗೆ ಅದರ ಉಗುರುಗಳು ಜಾರುತ್ತವೆ. ಪುಡಿಲೋಹವನ್ನು ಒತ್ತಿ ಮಾಡಿದ, ಎಣ್ಣೆ ಹೀರುವ ಬುಶ್‌ಗಳಲ್ಲಿ ಥ್ರೆಡ್ ನಿಲ್ಲದೆ ಪುಡಿಯಾಗುವುದುಂಟು. ಅವುಗಳಿಗೆ ಮುಂದಿನ ದಾರಿಯೇ ಸರಿ.

ಸೀಳಿ, ಕರಗಿಸಿ, ಕೊರೆದು

ಯಾವುದಕ್ಕೂ ಜಗ್ಗದ ಬುಶ್ಶನ್ನು ಸೀಳಬೇಕು. ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ, ಹಲ್ಲು ತನ್ನ ಕಡೆಗೆ ಇರುವಂತೆ ಹಿಡಿದು, ಬುಶ್ಶಿನ ಗೋಡೆಯಲ್ಲಿ ಉದ್ದಕ್ಕೂ ಒಂದು ಗೀರು ಕೊಯ್ಯುತ್ತ ಹೋಗಬೇಕು. ಪೆನ್ಸಿಲ್ ಗ್ರೈಂಡರ್ ಇದ್ದರೆ ಬೇಗ ಆಗುತ್ತದೆ, ಆದರೆ ಕೈ ತಪ್ಪುವುದೂ ಅಷ್ಟೇ ಬೇಗ. ಎಲ್ಲಿ ನಿಲ್ಲಿಸಬೇಕೆಂದು ಉದುರುವ ಪುಡಿ ಹೇಳುತ್ತದೆ. ಹಳದಿ ಪುಡಿ ಬರುವವರೆಗೆ ಬುಶ್ಶಿನಲ್ಲಿದ್ದೇವೆ, ಅದರಲ್ಲಿ ಕಪ್ಪು ಪುಡಿ ಬೆರೆತ ಕ್ಷಣದಿಂದ ಹೌಸಿಂಗನ್ನು ಕೊಯ್ಯುತ್ತಿದ್ದೇವೆ. ಕಾಗದದಷ್ಟು ಗೋಡೆ ಉಳಿದಾಗಲೇ ನಿಲ್ಲಿಸಿ, ತೆಳು ಚಾಣವನ್ನು ಗೀರಿನ ಪಕ್ಕದಿಂದ ಬುಶ್ ಮತ್ತು ಹೌಸಿಂಗಿನ ನಡುವೆ ಇಳಿಸಿದರೆ ಬುಶ್ ಒಳಕ್ಕೆ ಸುರುಳಿಯಾಗಿ ಮಡಚಿಕೊಳ್ಳುತ್ತದೆ.

ಬುಶ್ ಉಕ್ಕಿನದಾದರೆ ವೆಲ್ಡಿಂಗ್ ದೊಡ್ಡ ಉಪಕಾರಿ: ಒಳಗೋಡೆಯ ಸುತ್ತ ಒಂದು ಸಾಲು ವೆಲ್ಡ್ ಹಾಕಿ ಆರಲು ಬಿಟ್ಟರೆ, ಆರುವಾಗ ಕುಗ್ಗುವ ಸಾಲು ಬುಶ್ಶನ್ನೂ ಕುಗ್ಗಿಸುತ್ತದೆ. ಅರ್ತಿಂಗ್ ಕ್ಲಾಂಪನ್ನು ಅದೇ ಹೌಸಿಂಗಿಗೆ ಹಾಕಬೇಕು, ಕರೆಂಟು ಯಂತ್ರದ ಬೇರೆ ಬೇರಿಂಗುಗಳ ಮೂಲಕ ಹರಿಯಬಾರದು. ಹೌಸಿಂಗನ್ನು ಬಿಚ್ಚಿ ತರಬಹುದಾದರೆ ಲೇತಿನಲ್ಲಿ ಡಯಲ್ ಗೇಜ್ ಇಟ್ಟು ಸೆಂಟರ್ ಹಿಡಿದು, 0.2 ಮಿ.ಮೀ. ಗೋಡೆ ಉಳಿಯುವವರೆಗೆ ಬೋರ್ ಮಾಡಿಸಿ ಸಿಪ್ಪೆಯಂತೆ ಸುಲಿಯುವುದು ಎಲ್ಲಕ್ಕಿಂತ ಸುರಕ್ಷಿತ. ಇನ್ನೊಂದು ದಾರಿ, ಮಾಲೀಕ ಒಪ್ಪಿದರೆ, ತಳಕ್ಕೆ ಹೊರಗಿನಿಂದ ಬುಶ್ಶಿನ ಗೋಡೆಗೆ ಎದುರಾಗಿ 5 ಮಿ.ಮೀ.ನ ಎರಡು ತೂತು ಎದುರುಬದುರಾಗಿ ಕೊರೆದು, ಪಂಚ್‌ನಿಂದ ಒಮ್ಮೆ ಇತ್ತ ಒಮ್ಮೆ ಅತ್ತ ಹೊಡೆಯುವುದು. ಆಮೇಲೆ ಅವಕ್ಕೆ ಎಂ6 ಥ್ರೆಡ್ ಹಾಕಿ ಗ್ರಬ್ ಸ್ಕ್ರೂಗಳಿಂದ ಮುಚ್ಚಬಹುದು.

ಹೊಸ ಬುಶ್ ಕೂರಿಸುವಾಗ

ಹಳೆಯದು ಬಂದ ಮೇಲೆ ತೂತನ್ನು ತಳದವರೆಗೆ ಒರೆಸಿ ಒಣಗಿಸಬೇಕು. ಒಳಗೆ ಎಣ್ಣೆ ನಿಂತಿದ್ದರೆ ಹೊಸ ಬುಶ್ಶೇ ಪಿಸ್ಟನ್ನಿನಂತೆ ವರ್ತಿಸಿ ತಳವನ್ನು ಒಡೆಯಬಲ್ಲದು, ಗಾಳಿ ಸಿಕ್ಕಿಕೊಂಡರೆ ಬುಶ್ ಪೂರ್ತಿ ಕೂರುವುದಿಲ್ಲ. ಬುಶ್ಶಿಗೆ ಸರಿಯಾಗಿ ಹೊಂದುವ ಮ್ಯಾಂಡ್ರೆಲ್ (ಬುಶ್ಶನ್ನು ನೆಟ್ಟಗೆ ಹಿಡಿದು ಒತ್ತುವ ಸರಳು) ಒಳಗಿರುವಾಗ ಗಾಳಿಗೆ ಬೇರೆ ದಾರಿಯಿಲ್ಲವಾದ್ದರಿಂದ, ಮ್ಯಾಂಡ್ರೆಲ್ಲಿನ ಉದ್ದಕ್ಕೂ ಅರದಿಂದ ಒಂದು ಚಪ್ಪಟೆ ಮಾಡಿಕೊಳ್ಳಬೇಕು. 25 ಮಿ.ಮೀ. ಬುಶ್ಶಿಗೆ 0.02ರಿಂದ 0.03 ಮಿ.ಮೀ. ಬಿಗಿತ ಸಾಕು. ಬುಶ್ಶನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ರಾತ್ರಿಯಿಟ್ಟರೆ, 32 ಡಿಗ್ರಿಯ ಬೇಸಿಗೆಯ ಶೆಡ್ಡಿಗೆ ಹೋಲಿಸಿದಾಗ ಸುಮಾರು 50 ಡಿಗ್ರಿ ತಣ್ಣಗಾಗಿ 0.022 ಮಿ.ಮೀ. ಕುಗ್ಗಿರುತ್ತದೆ, ಮೇಲೆ ಹಿಮದ ಪುಡಿ ಕಟ್ಟುವ ಮೊದಲೇ ಇಟ್ಟು ಒತ್ತಿದರೆ ಅರ್ಧಕ್ಕರ್ಧ ಕೈಬಲದಿಂದಲೇ ಇಳಿಯುತ್ತದೆ. ಎಣ್ಣೆಯ ತೂತುಗಳು ಎದುರುಬದುರಾಗಿ ಕೂರುವಂತೆ ಮೊದಲೇ ಗೆರೆ ಹಾಕಿಕೊಂಡಿರಬೇಕು, ಏಕೆಂದರೆ ಬೆಚ್ಚಗಾದ ಬುಶ್ಶನ್ನು ತಿರುಗಿಸಲಾಗದು. ಒತ್ತಿದ ಮೇಲೆ ಒಳವ್ಯಾಸ ಸ್ವಲ್ಪ ಕುಗ್ಗುವುದರಿಂದ ಕೊನೆಯ ರೀಮರನ್ನು ಕೂರಿಸಿದ ನಂತರವೇ ಹಾಕಿ, 25 ಮಿ.ಮೀ. ಶಾಫ್ಟಿಗಾದರೆ 0.025ರಿಂದ 0.05 ಮಿ.ಮೀ. ಸಡಿಲ ಬಿಡಬೇಕು.

ಹೊಸ ಬುಶ್ಶಿನ ಉದ್ದವನ್ನು ತೂತಿನ ಆಳಕ್ಕಿಂತ 3 ಮಿ.ಮೀ. ಕಡಿಮೆ ಇಟ್ಟು, ಮೇಲಿನ ಅಂಚು ಮುಖಕ್ಕೆ ಸಮವಾಗುವಂತೆ ಕೂರಿಸಿ, ಹಿಂಬದಿಯ ಹೊರ ಅಂಚನ್ನು ಒಂದೂವರೆ ಮಿ.ಮೀ. ಇಳಿಜಾರಾಗಿ ಕಡೆಸಿದರೆ, ಮುಂದೊಮ್ಮೆ ತೆಗೆಯುವವನ ಗ್ರೀಸಿಗೂ ಕೊಕ್ಕೆಗೂ ಜಾಗವಿರುತ್ತದೆ. ನಾನು ಹೌಸಿಂಗಿನ ಪಕ್ಕದಲ್ಲಿ ನಂಬರ್ ಪಂಚ್‌ನಿಂದ ಬುಶ್ಶಿನ ಒಳವ್ಯಾಸ, ಹೊರವ್ಯಾಸ, ಉದ್ದ ಮೂರನ್ನೂ ಕುಟ್ಟಿ, ಗ್ರಬ್ ಸ್ಕ್ರೂ ಇರುವ ಕಡೆ ಒಂದು ಬಾಣದ ಗುರುತು ಹಾಕಿಯೇ ಬಣ್ಣ ಬಳಿಯುತ್ತೇನೆ.